ಕಂಕುಳಲ್ಲಿ ಸಾಕ್ಷಿ

"ಕೈ ಎತ್ತಬೇಡಿ ರೀ!" ಎಂದು ನನ್ನ ಹೆಂಡತಿ ಪರೀಕ್ಷಾ ಕೋಣೆಯ ಬಾಗಿಲಲ್ಲೇ ಕೂಗಿದಳು.

ನಾನೆಲ್ಲಿ ಎತ್ತಿದೆ? ಬೆಳಗ್ಗೆಯಿಂದ ನನ್ನ ಎಡಗೈ ಮೈಗೆ ಹೊಲಿದ ಹಾಗೆ ಅಂಟಿಕೊಂಡಿತ್ತು. ಕಂಕುಳಲ್ಲಿ ಬೆರಳುದ್ದದ ಒಂದು ಮುಚ್ಚಿದ ಕೊಳವೆ, ಅದರೊಳಗೆ ಹೋರಿಯೊಂದರ ವೀರ್ಯದ ಹನಿ. ಆ ಹನಿ ಬದುಕಿದ್ದರೆ ನನ್ನ ತಂಗಿಯ ಕೆಲಸ ಉಳಿಯುವ ಆಸೆ ಇತ್ತು. ಸತ್ತಿದ್ದರೆ ಸಂಜೆ ನಾಲ್ಕರ ಸಭೆಯಲ್ಲಿ ಅವಳನ್ನು ಮನೆಗೆ ಕಳಿಸುವುದು ಖಂಡಿತವಾಗಿತ್ತು.

ಕೆಲವು ವಾರಗಳಿಂದ ಅವಳ ಕೋಣೆಯಲ್ಲಿ ಆಗಾಗ ವೀರ್ಯಾಣುಗಳು ಕಾರಣವಿಲ್ಲದೆ ಸಾಯುತ್ತಿದ್ದವು, ತಪ್ಪೆಲ್ಲ ಅವಳ ತಲೆಗೆ ಬಂದಿತ್ತು. ಹಿಂದಿನ ಕತೆ ಇಷ್ಟೇ.

ನನ್ನ ಕಸುಬು ಕಾರು ಓಡಿಸುವುದನ್ನು ಕಲಿಸುವುದು. ಇವತ್ತು ಬೆಳಗ್ಗೆಯೂ ಕಲಿಸಿದ್ದೆ, ಒಂದೇ ಕೈಯಲ್ಲಿ. ಕಲಿಯಲು ಬಂದ ಹಲ್ಲಿನ ಡಾಕ್ಟರಮ್ಮ "ಎಡಕ್ಕಾ ಬಲಕ್ಕಾ ಸಾರ್?" ಎಂದಾಗ ಗದ್ದದಿಂದ ತೋರಿಸಿದೆ. ಕೈಗೆ ಏನಾಯಿತು ಎಂದು ಕೇಳಿದರು. ಕಂಕುಳಲ್ಲಿ ಹೋರಿ ಇದೆ ಎಂದು ಹೇಳಲಾಗುತ್ತದೆಯೇ? ನೋವು ಎಂದೆ. ಪಾಪ, ಆ ಪುಣ್ಯಾತ್ಗಿತ್ತಿ ಮುಲಾಮು ಬರೆದುಕೊಟ್ಟರು.

ಇದೆಲ್ಲ ನನ್ನ ಹೆಂಡತಿಯ ಕಾರುಬಾರು. ಪತ್ತೇದಾರಿಕೆ ಅವಳ ಕಸುಬು, ಅವಳಿಗೆ ಗಾಡಿ ಓಡಿಸುವುದು ಮತ್ತು ಅವಳಿಂದ ಬೈಸಿಕೊಳ್ಳುವುದು ನನ್ನ ಉಪಕಸುಬು. ಈ ಸಲ ಬೈಗುಳಕ್ಕೆ ಬೇಜಾರಿರಲಿಲ್ಲ. ಸಿಕ್ಕಿಬಿದ್ದಿರುವವಳು ನನ್ನ ಸ್ವಂತ ತಂಗಿ.

ತಂಗಿ ಬಿಳಿ ಕೋಟು ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಾದಿದ್ದಳು. "ಕೊಡು ಅಣ್ಣ. ಮೆಲ್ಲಗೆ. ಅಲ್ಲಾಡಿಸಬೇಡ."

"ಬೆಳಗ್ಗೆಯಿಂದ ಗುಂಡಿ ರಸ್ತೇಲಿ ಅಲ್ಲಾಡಿಸಿದ್ದೀನಿ ಪುಟ್ಟಿ. ಇನ್ನೇನು ಮೆಲ್ಲಗೆ?"

ಮನೆಯಲ್ಲಿ ಅವಳು ಪುಟ್ಟಿ. ನಲವತ್ತರ ಹತ್ತಿರ ಬಂದರೂ ಪುಟ್ಟಿಯೇ. ಇಲ್ಲಿ ಮಾತ್ರ ಎಲ್ಲರಿಗೂ ಮೇಡಂ.

ಅವಳು ಕೊಳವೆಯಿಂದ ಒಂದು ಚುಕ್ಕೆಯಷ್ಟು ತೆಗೆದು ಬೆಚ್ಚಗಿನ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದಳು.

"ಅಣ್ಣ, ನೋಡು ಬಾ!"

ನೋಡಿದೆ. ಶಾಲೆ ಬಿಟ್ಟ ಮಕ್ಕಳ ಹಾಗೆ ಸಾವಿರಾರು ಬಾಲಗಳು ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ನನ್ನ ಕಂಕುಳಲ್ಲಿ ಇಷ್ಟೊಂದು ಗಲಾಟೆ ನಡೆದಿತ್ತು, ನನಗೆ ಕಚಗುಳಿಯೂ ಆಗಿರಲಿಲ್ಲ.

"ತಲೆ ನೋಡು, ದೋಣಿ ಹುಟ್ಟುಗೋಲಿನ ತುದಿ ಥರ ಚಪ್ಪಟೆ," ಎಂದಳು ತಂಗಿ. ಖುಷಿಯಾದರೆ ಅವಳು ಪಾಠ ಶುರು ಮಾಡುತ್ತಾಳೆ. "ಹೋರಿದು ಹೀಗೆ. ಮನುಷ್ಯರದು ಮೊಟ್ಟೆ ಥರ. ಇಲಿದು ಕೊಕ್ಕೆ. ತಲೆ ನೋಡಿದ ತಕ್ಷಣ ಯಾರ ಮನೆದು ಅಂತ ಗೊತ್ತಾಗುತ್ತೆ."

"ಈಗ ನಿನ್ನ ಪೆಟ್ಟಿಗೇದು ನೋಡು," ಎಂದಳು ಹೆಂಡತಿ.

ಗೋಡೆಯ ಪಕ್ಕದಲ್ಲಿ ಬೆಚ್ಚನೆಯ ಇನ್‌ಕ್ಯುಬೇಟರ್ ಇತ್ತು. ನಮ್ಮ ಕಾರಿಗಿಂತ ಹೆಚ್ಚು ಬೆಲೆಯದು, ನಮ್ಮ ಕಾರಿಗಿಂತ ಕಡಿಮೆ ಸದ್ದು ಮಾಡುವಂಥದ್ದು. ಅದೇ ಹೋರಿಯ ಅದೇ ಹನಿಯ ಇನ್ನರ್ಧವನ್ನು ಬೆಳಗ್ಗೆ ತಂಗಿ ತನ್ನ ಕೈಯಾರೆ ಡಿಶ್ ಎನ್ನುವ ಪುಟ್ಟ ತಟ್ಟೆಗೆ ಹಾಕಿ ಅದರಲ್ಲಿಟ್ಟಿದ್ದಳು.

ತಂಗಿ ಆ ಡಿಶ್ ತೆಗೆದು ನೋಡಿದಳು. ಈ ಸಲ ಭುಜ ಅಲ್ಲಾಡಲಿಲ್ಲ.

"ಒಂದೂ ಇಲ್ಲ ಅತ್ತಿಗೆ. ಎಲ್ಲಾ ಸತ್ತಿವೆ."

ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು! ಮನೆಯಲ್ಲಿ ಕಳೆದ ಕಿವಿಯೋಲೆ ಸಿಕ್ಕಾಗಲೂ ಅವಳು ಹೀಗೆ ಕುಣಿದಿರಲಿಲ್ಲ.

"ಯಾರು ಚಪ್ಪಾಳೆ ತಟ್ಟಿದ್ದು?" ಬಾಗಿಲಲ್ಲಿ ನಿರ್ದೇಶಕರು ನಿಂತಿದ್ದರು. ಮೊದಲು ಗಡಿಯಾರ ನೋಡಿದರು, ಆಮೇಲೆ ನಮ್ಮನ್ನು. ಆ ಮನುಷ್ಯ ಎಲ್ಲವನ್ನೂ ಆ ಕ್ರಮದಲ್ಲೇ ನೋಡುವುದು. "ಇದು ಲ್ಯಾಬೋ, ಸರ್ಕಸ್ಸೋ?"

"ಸಾರ್, ನನ್ನ ನಾದಿನಿ ತಪ್ಪು ಮಾಡಿಲ್ಲ," ಎಂದಳು ಹೆಂಡತಿ.

"ಸತ್ತಿದೆ ಅಂತ ಈಗ ತಾನೇ ಹೇಳಿದ್ರು."

"ಅದಕ್ಕೇ ಹೇಳ್ತಿರೋದು."

ಈ ಸಂಸ್ಥೆಯ ಒಂದು ಕಡೆ ಮಕ್ಕಳಾಗದ ದಂಪತಿಗಳಿಗೆ ಚಿಕಿತ್ಸೆ, ಸಂಶೋಧನೆ. ಇನ್ನೊಂದು ಕಡೆ ದನಗಳಿಗೆ. ನಡುವೆ ತಂಗಿಯ ಪರೀಕ್ಷಾ ಕೋಣೆ. ಭ್ರೂಣವನ್ನು ಮುಟ್ಟುವ ಯಾವ ವಸ್ತುವೇ ಆಗಲಿ, ಡಿಶ್ ಇರಲಿ, ಎಣ್ಣೆ ಇರಲಿ, ಕೈಗವಸಿರಲಿ, ಮೊದಲು ಇಲ್ಲಿಗೆ ಬರಬೇಕು. ಅದರ ಜೊತೆ ಹೋರಿಯ ಹನಿ ಇಟ್ಟು ಕೆಲವು ಗಂಟೆ ಬೆಚ್ಚಗೆ ಕಾಯಿಸುತ್ತಾರೆ. ವೀರ್ಯಾಣು ಈಜುತ್ತಿದ್ದರೆ ಪಾಸು. ಸತ್ತರೆ ಆ ವಸ್ತುವಿನಲ್ಲಿ ವಿಷವಿದೆ ಎಂದರ್ಥ. ಅಮ್ಮನಾಗಲು ಕಾದು ಕೂತವರ ಭ್ರೂಣದ ಮೇಲೆ ಪ್ರಯೋಗ ಮಾಡಲಾಗುವುದಿಲ್ಲವಲ್ಲ, ಅದಕ್ಕೆ.

ಪ್ರತಿ ಪರೀಕ್ಷೆಯಲ್ಲೂ ಹೊಸ ವಸ್ತುವಿನ ಪಕ್ಕದಲ್ಲಿ, ಒಳ್ಳೆಯದೆಂದು ಮೊದಲೇ ಗೊತ್ತಿರುವ ಹಳೆಯ ಡಿಶ್ ಒಂದನ್ನು ಇಡುತ್ತಾರೆ. ಅದಕ್ಕೆ ಅವರು ಸಾಕ್ಷಿ ಎನ್ನುತ್ತಾರೆ.

"ಇಷ್ಟು ದಿನಾನೂ ಹೊಸ ಡಿಶ್ಶಲ್ಲೂ ಸತ್ತಿವೆ, ಸಾಕ್ಷೀಲೂ ಸತ್ತಿವೆ," ಎಂದಳು ಹೆಂಡತಿ. "ಅಂದ್ಮೇಲೆ ತಪ್ಪು ಡಿಶ್ಶಿಂದಲ್ಲ. ಎರಡಕ್ಕೂ ಒಂದೇ ಆಗಿರೋದು ಏನೇನು? ಹೋರಿ ಹನಿ, ಇವಳ ಕೈ, ಈ ಕೋಣೆ ಗಾಳಿ. ಪೆಟ್ಟಿಗೇನ ಮೊದಲೇ ಪರೀಕ್ಷೆ ಮಾಡಿಸಿ ಆಗಿದೆ. ಇವತ್ತು ಅದೇ ಹನಿ, ಅದೇ ಕೈ. ನಮ್ಮನೆಯವರ ಕಂಕುಳಲ್ಲಿ ಬದುಕಿದೆ, ಇಲ್ಲಿ ಸತ್ತಿದೆ. ಇನ್ನು ಉಳಿದಿದ್ದು?"

"ಗಾಳಿ," ಎಂದೆ ನಾನು. ಒಂದು ಸಲವಾದರೂ ಮೊದಲು ಹೇಳಬೇಕೆಂಬ ಆಸೆ.

ನಿರ್ದೇಶಕರು ನನ್ನ ಕಂಕುಳನ್ನು ನೋಡಿದರು. "ಸಭೇಲಿ ನಾನು ಏನಂತ ಹೇಳ್ಲಿ? ನಮ್ಮ ಹೊಸ ಯಂತ್ರ ಇವರ ಕಂಕುಳು ಅಂತಾನಾ?"

"ಗಾಳಿ ಕೆಟ್ಟಿದೆ ಅಂತ ಹೇಳಿ."

"ಗಾಳಿ ಅಂದ್ರೆ ಯಾರು? ಹೆಸರು ಬೇಕು. ನಾಲ್ಕು ಗಂಟೆ ಒಳಗೆ." ಮತ್ತೆ ಗಡಿಯಾರ ನೋಡಿದರು.

"ಸಾರ್, ಕಾರಿಡಾರಲ್ಲಿ ವಾರ್ನಿಶ್ ವಾಸನೆ ಬರ್ತಿದೆಯಲ್ಲ?" ಎಂದಳು ಹೆಂಡತಿ ಬಲು ಮೃದುವಾಗಿ.

ನಿರ್ದೇಶಕರ ಕಿವಿ ಕೆಂಪಾಯಿತು. ಅವರ ಕೋಣೆಗೆ ಹೊಸ ಬೀರು ಬಂದಿತ್ತು. ಪರೀಕ್ಷಾ ಕೋಣೆಯ ಸುತ್ತಮುತ್ತ ಬಣ್ಣ, ಪಾಲಿಶು ಯಾವುದೂ ಕೂಡದು ಎಂಬ ನಿಯಮ ಬರೆದವರೇ ಅವರು.

"ಅದು ಆಮೇಲೆ ಬಂದಿದ್ದು ಅತ್ತಿಗೆ," ಎಂದು ತಂಗಿಯೇ ಕಾಪಾಡಿದಳು. "ಇವು ಸಾಯೋಕೆ ಶುರುವಾದ ಮೇಲೆ ಬೀರು ಬಂತು. ಅದರ ವಾಸನೆ ಈ ಕೋಣೆ ಒಳಗೆ ಬರೋದೂ ಇಲ್ಲ."

ನನಗೆ ಸಿಟ್ಟೇ ಬಂತು. ಕೆಲಸದಿಂದ ತೆಗೆಯಲು ನಿಂತವರ ಪರವಾಗಿ ವಾದ ಮಾಡುತ್ತಾಳಲ್ಲ ಈ ಹುಡುಗಿ! ಆದರೆ ಅವಳು ಮೊದಲಿನಿಂದಲೂ ಹಾಗೇ. ಕೇರಂ ಆಡುವಾಗಲೂ ತನ್ನ ತಪ್ಪನ್ನು ತಾನೇ ಹೇಳಿ ಸೋಲುತ್ತಿದ್ದಳು.

ಅಷ್ಟರಲ್ಲಿ ಗೋಡೆಯ ಕಿಂಡಿಯಲ್ಲಿ ಒಂದು ದೊಡ್ಡ ಮುಖ ಕಾಣಿಸಿತು. ಹೋರಿ ಡಾಕ್ಟರು. ದನಗಳ ವಿಭಾಗದವರು, ಬಾಗಿಲಿನಷ್ಟು ಅಗಲದ ಆಳು, ದನಿ ಮಾತ್ರ ಮಗುವಿನದು.

"ಮೇಡಂ... ಇವತ್ತಿಂದೂ ಹೋಯ್ತಾ?"

"ಹೋಯ್ತು ಡಾಕ್ಟ್ರೇ," ಎಂದಳು ತಂಗಿ.

ಅವರ ಮುಖ ಬಾಡಿತು. "ಬೇರೆ ಹನಿ ತಂದುಕೊಡ್ಲಾ? ಈಗಲೇ ತರ್ತೀನಿ. ನಾನೇ ಒಳಗೆ ಬಂದು ಕೊಟ್ಟು ಹೋಗ್ತೀನಿ."

"ಬೇಡ," ಎಂದಳು ಹೆಂಡತಿ, ತಂಗಿ ಬಾಯಿ ತೆರೆಯುವ ಮೊದಲೇ. ಕಿಂಡಿಯ ಹತ್ತಿರ ಹೋಗಿ ಅವರನ್ನೇ ನೋಡುತ್ತ ನಿಂತಳು. ಡಾಕ್ಟರು ಕಕ್ಕಾಬಿಕ್ಕಿಯಾಗಿ ಹೊರಟುಹೋದರು.

"ರೀ, ಗಾಡಿ ತೆಗೀರಿ."

ನಮ್ಮದು ಕಲಿಕೆಯ ಕಾರು, ಅದರಲ್ಲಿ ಎರಡು ಬ್ರೇಕು. ಒಂದು ಓಡಿಸುವವನ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವನ ಕಾಲಿಗೆ. ಹೆಂಡತಿ ಪಕ್ಕದಲ್ಲಿ ಕೂತಾಗ ತಲೆಗೆ ಏನಾದರೂ ಹೊಳೆದರೆ ಅವಳ ಕಾಲು ತಾನಾಗಿ ಬ್ರೇಕನ್ನು ಒತ್ತಿಬಿಡುತ್ತದೆ. ಹೋದ ವರ್ಷ ಒಂದು ಹಾರದ ಕಳ್ಳತನ ಹೊಳೆದಾಗ ಹಿಂದಿನಿಂದ ಹಾಲಿನ ವ್ಯಾನು ಬಂದು ಗುದ್ದಿತ್ತು.

ಹೋರಿಗಳ ಕೊಟ್ಟಿಗೆ ಮೈದಾನದ ಆ ತುದಿಗೆ. ಅರ್ಧ ದಾರಿಗೆ ಬಂದಿರಲಿಲ್ಲ, ಕಾರು ಕಿರ್ರೆಂದು ನಿಂತಿತು. ನನ್ನ ಹಣೆ ಸ್ಟಿಯರಿಂಗಿಗೆ ಮುತ್ತಿಟ್ಟಿತು.

"ಏನೇ ಅದು!"

"ಹೋರಿ ಡಾಕ್ಟ್ರ ಹತ್ತಿರ ಯಾವ ವಾಸನೆ ಬರ್ತಿತ್ತು ಹೇಳಿ?"

ಹಣೆ ಉಜ್ಜಿಕೊಳ್ಳುತ್ತ ಯೋಚಿಸಿದೆ. "ಯಾವುದೂ ಇಲ್ಲ. ಸ್ವಚ್ಛವಾಗಿದ್ರು ಪಾಪ."

"ಬೆಳಗ್ಗೆಯಿಂದ ಹೋರಿ ಮಧ್ಯೆ ಇರೋ ಮನುಷ್ಯ. ಸಗಣಿ ಇಲ್ಲ, ಹುಲ್ಲಿಲ್ಲ, ಬೆವರೂ ಇಲ್ಲ. ನಿಮ್ಮ ಹತ್ತಿರ ಪೆಟ್ರೋಲ್ ವಾಸನೆ, ನಿಮ್ಮ ತಂಗಿ ಹತ್ತಿರ ಬಿಸಿ ಪ್ಲಾಸ್ಟಿಕ್ ವಾಸನೆ. ಮನುಷ್ಯ ಅಂದ್ಮೇಲೆ ಏನಾದ್ರೂ ಒಂದು ಇರಬೇಕಲ್ಲ?"

"ನಿನ್ನ ಹತ್ತಿರ?"

"ಗಾಡಿ ಬಿಡಿ."

ಕೊಟ್ಟಿಗೆಯಲ್ಲಿ ಚಿಕ್ಕಯ್ಯ ಎಂಬ ಹೋರಿ ನಿಂತಿತ್ತು. ಈಗಿನ ಪರೀಕ್ಷೆಗಳಿಗೆಲ್ಲ ಹನಿ ಕೊಡುವವನು ಅವನೇ, ಅಂದರೆ ಬೆಳಗ್ಗೆ ನನ್ನ ಕಂಕುಳಲ್ಲಿದ್ದವನು. ನಮಗೆ ಈಗ ಒಂಥರಾ ನಂಟಸ್ತಿಕೆ. ಅವನು ಮಾತ್ರ ನನ್ನನ್ನು ಗುರುತಿಸಲಿಲ್ಲ, ತಲೆ ತಗ್ಗಿಸಿ ಬುಸ್ಸೆಂದ. ನಾನು ಕಂಬದ ಹಿಂದೆ ಸರಿದೆ.

ಹೋರಿ ಡಾಕ್ಟರು ಅವನ ಕತ್ತು ಉಜ್ಜುತ್ತಿದ್ದರು.

"ಡಾಕ್ಟ್ರೇ," ಎಂದಳು ಹೆಂಡತಿ, "ಮೊದಲು ಹನೀನ ಕಿಂಡಿಯಿಂದ ಕೊಡ್ತಿದ್ರಿ. ಈಗ ಒಳಗೇ ತಂದುಕೊಡ್ತೀರಿ. ಯಾಕೆ?"

"ಅದು... ಕಿಂಡೀಲಿ ಕೈ ತಗಲಿ ಚೆಲ್ಲಿಬಿಟ್ರೆ ಅಂತ."

"ಎಂದಾದ್ರೂ ಚೆಲ್ಲಿತ್ತಾ?"

"ಇಲ್ಲ."

"ರಿಜಿಸ್ಟರ್ ನೋಡಿದ್ದೀನಿ. ನೀವು ರಜೆ ಹಾಕಿದ ದಿನ ಬೇರೆಯವರು ಕಿಂಡಿಯಿಂದ ಕೊಟ್ರು. ಅವತ್ತು ಎಲ್ಲಾ ಬದುಕಿದ್ವು. ನೀವು ಒಳಗೆ ಬಂದ ದಿನ, ಇವತ್ತೂ ಸೇರಿ, ಎಲ್ಲಾ ಸತ್ತಿವೆ."

ಡಾಕ್ಟರ ಕೈಯಿಂದ ಬ್ರಷ್ಷು ಬಿತ್ತು. ಚಿಕ್ಕಯ್ಯ ಅದನ್ನು ಮೂಸಿ ನೋಡಿದ.

"ಮೇಡಂ, ನಾನು ಏನೂ ಮಾಡಿಲ್ಲ. ಆಣೆಗೂ."

"ಸೆಂಟು ಹಾಕ್ತೀರಾ?"

"ಅಯ್ಯೋ! ಆ ಕೋಣೆಗೆ ಸೆಂಟು ಹಾಕ್ಕೊಂಡು ಹೋಗ್ತೀನಾ? ಸೆಂಟು, ಪೌಡರು, ತಲೆಗೆ ಎಣ್ಣೆ, ಯಾವುದೂ ಕೂಡದು ಅಂತ ಗೊತ್ತಿಲ್ವಾ ನನಗೆ? ಅದಕ್ಕೇ ತಾನೇ ನಾನು..." ಮಾತು ಅಲ್ಲಿಗೇ ನಿಂತಿತು.

"ಅದಕ್ಕೇ ತಾನೇ ನೀವು?"

ಆ ದೊಡ್ಡ ದೇಹ ಸುತ್ತಲೂ ಅಡಗಲು ಜಾಗ ಹುಡುಕಿತು. ಸಿಗಲಿಲ್ಲ. ಕೊನೆಗೆ ಹುಲ್ಲಿನ ಕಟ್ಟಿನ ಹಿಂದೆ ಕೈ ಹಾಕಿ ಒಂದು ಡಬ್ಬಿ ತೆಗೆದು ಕೊಟ್ಟರು. ವಾಸನೆ ತೆಗೆಯುವ ಸ್ಪ್ರೇ. ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಯಾವ ಪರಿಮಳವೂ ಇಲ್ಲ.

"ಹುಡುಕಿ ಹುಡುಕಿ ತಂದೆ ಮೇಡಂ. ಇದಕ್ಕೆ ವಾಸನೇನೇ ಇಲ್ಲ, ಇರೋ ವಾಸನೆ ಹೋಗುತ್ತೆ, ಅಷ್ಟೇ. ವಾಸನೆ ಇಲ್ಲ ಅಂದ್ಮೇಲೆ ಗಾಳೀಲಿ ಏನೂ ಇಲ್ಲ ಅಂದ್ಕೊಂಡೆ."

ಹೆಂಡತಿ ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದಳು. ಬಾಯಿ ತಿರುಗದ ಹೆಸರುಗಳು ಸಾಲುಗಟ್ಟಿದ್ದವು, ಮೊದಲನೆಯದೇ ಆಲ್ಕೋಹಾಲು. "ಡಾಕ್ಟ್ರೇ, ನಮ್ಮ ಮೂಗಿಗೆ ಬರದೇ ಇರೋದು ಆ ಬಾಲದ ಹುಳಗಳಿಗೆ ಗೊತ್ತಾಗುತ್ತೆ."

ಡಾಕ್ಟರು ಹುಲ್ಲಿನ ಕಟ್ಟಿನ ಮೇಲೆ ದೊಪ್ಪೆಂದು ಕೂತರು. "ಅಂದ್ರೆ ನಾನೇನಾ? ಮೇಡಂ ಕೆಲಸ ಹೋಗ್ತಿರೋದು ನನ್ನಿಂದಾನಾ?"

ಅವರ ಕಣ್ಣಲ್ಲಿ ನೀರು ಬಂತು. ಒಂದು ಟನ್ನಿನ ಹೋರಿಗೆ ಹೆದರದ ಮನುಷ್ಯ, ಒಂದು ಡಬ್ಬಿ ಹಿಡಿದು ಮಗುವಿನ ಹಾಗೆ ಅತ್ತರು. ಕಂಬದ ಹಿಂದಿನಿಂದ ಹೊರಗೆ ಬಂದೆ, ಚಿಕ್ಕಯ್ಯನ ಮರ್ಜಿ ನೋಡಿಕೊಂಡೇ.

"ಇಷ್ಟು ದಿನ ಇಲ್ಲದ್ದು ಈಗ ಯಾಕೆ ವಾಸನೆ ಬಗ್ಗೆ ಯೋಚನೆ ಬಂತು ಡಾಕ್ಟ್ರೇ?" ಎಂದು ಕೇಳಿದೆ.

"ಒಂದ್ಸಲ ಅವರು ನಗ್ತಾ ಅಂದ್ರು. ಡಾಕ್ಟ್ರೇ, ನೀವು ಬರೋಕೆ ಮೊದಲೇ ನಿಮ್ಮ ಹೋರಿ ಬಂದುಬಿಡುತ್ತೆ ಅಂತ." ನೆಲ ನೋಡುತ್ತ ಮುಂದುವರಿಸಿದರು. "ಅವತ್ತೇ ಪೇಟೆಗೆ ಹೋದೆ ಸಾರ್."

ನನಗೆ ಅರ್ಥವಾಗಲಿಲ್ಲ. ಹೆಂಡತಿ ನನ್ನ ಪಕ್ಕೆಗೆ ತಿವಿದಳು. ಆಗ ಅರ್ಥವಾಯಿತು.

"ಅಂದ್ರೆ... ನಮ್ಮ ಪುಟ್ಟೀನಾ?"

"ಪುಟ್ಟಿ ಅಂತಾನಾ ಅವರನ್ನ ಕರೆಯೋದು?" ಅಷ್ಟು ಅಳುವಿನ ನಡುವೆಯೂ ಆ ಮುಖ ಅರಳಿತು.

ಅಣ್ಣನಾದವನು ಇಂಥ ಹೊತ್ತಿನಲ್ಲಿ ಗಂಭೀರವಾಗಿರಬೇಕು ಎಂದು ಕೇಳಿದ್ದೇನೆ. ನಾನು ಪ್ರಯತ್ನಪಟ್ಟೆ. ಮುಖ ಬಿಗಿದುಕೊಂಡು, "ನಿಮಗೆ ಕಾರು ಓಡಿಸೋಕೆ ಬರುತ್ತಾ?" ಎಂದೆ. ಬೇರೇನು ಕೇಳಬೇಕೋ ತೋಚಲಿಲ್ಲ.

"ಇಲ್ಲ ಸಾರ್."

"ಕಲಿಸ್ತೀನಿ."

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಾಕ್ಟರೂ ನಕ್ಕರು. ಚಿಕ್ಕಯ್ಯ ಬಾಲ ಬೀಸಿ ನನ್ನ ಬೆನ್ನಿಗೊಂದು ಕೊಟ್ಟ.

ಮೂವರೂ ಪರೀಕ್ಷಾ ಕೋಣೆಗೆ ವಾಪಸು ಬಂದೆವು. ಡಾಕ್ಟರನ್ನು ಒಳಗೆ ಬಿಡುವಂತಿರಲಿಲ್ಲ. ಅವರು ಕಿಂಡಿಯ ಆಚೆಗೆ, ಗಾಜು ಮುಚ್ಚಿಕೊಂಡು ನಿಂತರು. ಗಾಜಿನ ಕೆಳಗೆ ಕೈ ತೂರುವಷ್ಟು ಸಂದಿ ಇತ್ತು, ಮಾತು ಕೇಳಿಸುತ್ತಿತ್ತು.

ಹೆಂಡತಿ ಡಬ್ಬಿಯ ಕತೆಯನ್ನಷ್ಟೇ ಹೇಳಿದಳು, ಹೋರಿ ಬಂದುಬಿಡುತ್ತದೆ ಎಂಬ ಮಾತಿನ ಸಮೇತ. ಉಳಿದದ್ದನ್ನು ತಂಗಿಯೇ ಊಹಿಸಿಕೊಂಡಳು ಎಂದು ಕಾಣುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿದ್ದರೂ ಕಿವಿ ಕೆಂಪಾದದ್ದು ನನಗೆ ಕಂಡಿತು.

"ನಾನು ತಮಾಷೆಗೆ ಅಂದಿದ್ದು," ಎಂದಳು ಕಿಂಡಿಯ ಕಡೆ ನೋಡದೆ. "ಅತ್ತಿಗೆ, ಅವರಿಗೆ ಹೇಳಿ. ಹೋರಿ ವಾಸನೆ ನನಗೇನೂ ಬೇಜಾರಿಲ್ಲ."

ಗಾಜಿನಾಚೆ ಡಾಕ್ಟರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬೆಳಗ್ಗೆಯಿಂದ ಅಂಟಿಕೊಂಡಿದ್ದ ಎಡಗೈಯನ್ನು ಮೊದಲ ಸಲ ಪೂರ್ತಿ ಮೇಲೆತ್ತಿದೆ.

ನಿರ್ದೇಶಕರು ಎಲ್ಲವನ್ನೂ ಕೇಳಿ ಗಡಿಯಾರ ನೋಡಿದರು. "ಕತೆ ಚೆನ್ನಾಗಿದೆ. ಸಭೆಗೆ ಕತೆ ಬೇಡ, ಪರೀಕ್ಷೆ ಬೇಕು."

"ಮಾಡೋಣ," ಎಂದಳು ತಂಗಿ. ಅವಳ ದನಿಯಲ್ಲಿ ಈಗ ಹುರುಪಿತ್ತು. "ಎರಡು ಮುಚ್ಚಿದ ಪೆಟ್ಟಿಗೆ. ಒಂದರಲ್ಲಿ ಸ್ಪ್ರೇ ಹೊಡೆದ ಹತ್ತಿ, ಇನ್ನೊಂದರಲ್ಲಿ ಬರೀ ಹತ್ತಿ. ಯಾವುದು ಯಾವುದು ಅಂತ ನನಗೆ ಗೊತ್ತಾಗಬಾರದು. ಗುರುತು ನೀವೇ ಹಾಕಿ ಸಾರ್. ಇಲ್ಲದಿದ್ರೆ ನನಗೆ ಬೇಕಾದ್ದೇ ನನ್ನ ಕಣ್ಣಿಗೆ ಕಾಣುತ್ತೆ."

"ಸಭೆನ ನಾಳೆಗೆ ಮುಂದೂಡ್ತೀನಿ. ಆದ್ರೆ ಹನಿ ಮಾತ್ರ ದೊಡ್ಡಯ್ಯಂದೇ ಆಗಬೇಕು."

ದೊಡ್ಡಯ್ಯ ಎಂದರೆ ಚಿಕ್ಕಯ್ಯನ ಅಪ್ಪ, ಈ ಸಂಸ್ಥೆಯ ಹೆಮ್ಮೆ. ಅವನು ಸತ್ತು ವರ್ಷಗಳಾದವು. ಅವನ ವೀರ್ಯದ ನಳಿಕೆಗಳನ್ನು ಪಕ್ಕದ ಕೋಣೆಯಲ್ಲಿ, ದ್ರವ ಸಾರಜನಕದ ಹೊಗೆಯಾಡುವ ಒಂದು ಕ್ಯಾನಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ತಕರಾರಿನ ಪರೀಕ್ಷೆಗೆ ಮಾತ್ರ ಅದನ್ನು ತೆಗೆಯುವುದು. ಮುಗಿದರೆ ಮತ್ತೆ ಸಿಗುವುದಿಲ್ಲ, ಹೊರಗೆ ಮಾರಿದರೆ ಭಾರಿ ಬೆಲೆ.

ಕಿಂಡಿಯಾಚೆ ಡಾಕ್ಟರ ನಗು ಅರ್ಧಕ್ಕೇ ನಿಂತಿತು. "ಚಿಕ್ಕಯ್ಯಂದೇ ಸಾಕಲ್ವಾ ಸಾರ್? ಅದ್ಯಾಕೆ ತೆಗೀಬೇಕು?"

"ಸಾಲದು," ಎಂದರು ನಿರ್ದೇಶಕರು.

ತಂಗಿ ಹೋಗಿ ಬೀಗ ತೆಗೆದು ಒಂದು ನಳಿಕೆ ತಂದಳು. ಬೆಚ್ಚನೆಯ ನೀರಿನಲ್ಲಿ ಕರಗಿಸಿ, ತುದಿ ಕತ್ತರಿಸಿ, ಹನಿಯನ್ನು ಗಾಜಿನ ಮೇಲಿಟ್ಟಳು. ಹಾಡೊಂದನ್ನು ಗುನುಗುತ್ತ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು.

ಗುನುಗು ನಿಂತಿತು.

"ಅತ್ತಿಗೆ," ಎಂದಳು ಕಣ್ಣು ತೆಗೆಯದೆ. "ಇದು ದೊಡ್ಡಯ್ಯಂದಲ್ಲ."

"ಬೇರೆ ಹೋರಿದಾ?"

"ಹೋರಿದೇ ಅಲ್ಲ."

ನಿರ್ದೇಶಕರು ಎರಡು ಹೆಜ್ಜೆ ಮುಂದೆ ಬಂದರು. "ಅಂದ್ರೆ ಯಾರೋ ಬದಲಾಯಿಸಿದ್ದಾರೆ. ದೊಡ್ಡಯ್ಯನ ನಳಿಕೆ ಹೋಗಿವೆ! ಆ ಕ್ಯಾನಿಗೆ ಇರೋದು ಎರಡೇ ಕೀ. ಒಂದು ಹೋರಿ ಡಾಕ್ಟ್ರ ಹತ್ತಿರ, ಇನ್ನೊಂದು ನಿಮ್ಮ ಹತ್ತಿರ ಮೇಡಂ."

ಈಗಷ್ಟೇ ಉಳಿದಿದ್ದ ಕೆಲಸ ಮತ್ತೆ ಹೋಗುವಂತಾಯಿತು. ಕೆಲಸವಷ್ಟೇ ಅಲ್ಲ, ಕಳ್ಳಿ ಎಂಬ ಹೆಸರು ಬೇರೆ.

ಆಗ ಕಿಂಡಿಯ ಸಂದಿಯಿಂದ ಆ ಮೆತ್ತನೆಯ ದನಿ ಬಂತು.

"ತಲೆಗೆ ಕೊಕ್ಕೆ ಇದೆಯಾ?"

ಎಲ್ಲರೂ ತಿರುಗಿದೆವು. ಡಾಕ್ಟರು ನಿಂತ ಜಾಗದಿಂದ ಮೈಕ್ರೋಸ್ಕೋಪು ಕಾಣುವುದಿಲ್ಲ. ತಂಗಿ ಕೊಕ್ಕೆಯ ಪಾಠ ಹೇಳಿದಾಗ ಅವರು ಇಲ್ಲಿರಲಿಲ್ಲ, ಆಮೇಲೆ ಆ ಮಾತನ್ನು ಯಾರೂ ಎತ್ತಿರಲಿಲ್ಲ.

"ಇದೆ," ಎಂದಳು ತಂಗಿ. "ಇಲಿದು. ನಿಮಗೆ ಹೇಗೆ ಗೊತ್ತು?"

ಡಾಕ್ಟರು ಸೊಂಟದ ಕೀ ಗೊಂಚಲಿನಿಂದ ಒಂದು ಬೀಗದ ಕೈ ಬಿಚ್ಚಿ ಸಂದಿಯೊಳಗಿಂದ ತಳ್ಳಿದರು. ಅದು ಮೇಜಿನ ಮೇಲೆ ಜಾರಿ ಅವಳ ಮುಂದೆ ನಿಂತಿತು.

"ಹೋದ ವಾರ ಸಾರಜನಕ ತುಂಬೋಕೆ ಹೋಗಿದ್ದೆ. ಇದು ಕ್ಯಾನಿನ ಬೀಗದಲ್ಲೇ ನೇತಾಡ್ತಿತ್ತು. ಅನುಮಾನ ಬಂದು ಒಂದು ನಳಿಕೆ ತೆಗೆದು ನೋಡಿದೆ. ಕೊಕ್ಕೆ ಕಂಡಿತು. ನನ್ನ ಕೀ ನನ್ನ ಹತ್ತಿರಾನೇ ಇತ್ತು. ಅಂದ್ಮೇಲೆ ಇದು ನಿಮ್ಮದು ಅಂತ ಅಂದ್ಕೊಂಡು ಯಾರಿಗೂ ಹೇಳಲಿಲ್ಲ."

ತಂಗಿ ಎದ್ದು ನಿಂತಳು. "ನಾನು ಕಳ್ಳಿ ಅಂದ್ಕೊಂಡ್ರಾ ನೀವು?"

"ಅಂದ್ಕೊಂಡೆ."

"ಅಂದ್ಕೊಂಡು?"

"ಮಾರನೇ ದಿನವೂ ಸ್ಪ್ರೇ ಹೊಡ್ಕೊಂಡೇ ಬಂದೆ."

ತಂಗಿಯ ಕಣ್ಣು ತುಂಬಿ ಬಂತು, ಬಟ್ಟೆಯ ಹಿಂದೆ ತುಟಿ ನಗುತ್ತಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಆಮೇಲೆ ಅವಳು ಕೋಟಿನ ಜೇಬಿಗೆ ಕೈ ಹಾಕಿದಳು. ಈಗಷ್ಟೇ ಬೀಗ ತೆಗೆದ ತನ್ನ ಬೀಗದ ಕೈಯನ್ನು ಎತ್ತಿ, ಮೇಜಿನ ಮೇಲೆ ಆ ಇನ್ನೊಂದರ ಪಕ್ಕದಲ್ಲಿಟ್ಟಳು.

"ನನ್ನದು ಇಲ್ಲಿದೆ."

ಡಾಕ್ಟರ ಕೈ ಸೊಂಟಕ್ಕೆ ಹೋಯಿತು. ಅವರದು ಅಲ್ಲೇ ನೇತಾಡುತ್ತಿತ್ತು. ಎರಡೇ ಇರಬೇಕಾದ ಕಡೆ ಮೂರು.

ನನ್ನ ಹೆಂಡತಿ ಆ ಮೂರನೆಯದನ್ನು ಕರವಸ್ತ್ರದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಹೊಸದಾಗಿ ಕಡೆದದ್ದು, ಅಂಚು ಇನ್ನೂ ಮಿರುಗುತ್ತಿತ್ತು. ಒಂದು ಬದಿಗೆ ಕಂದು ಬಣ್ಣದ ಜಿಗುಟು ಮೆತ್ತಿಕೊಂಡಿತ್ತು. ಅದನ್ನು ಮೂಗಿನ ಹತ್ತಿರ ತಂದಳು. ಅವಳ ಬಲಗಾಲು ನೆಲವನ್ನು ಬಲವಾಗಿ ಒತ್ತಿದ್ದನ್ನು ನಾನು ನೋಡಿದೆ. ಅಲ್ಲಿ ಬ್ರೇಕು ಇರಲಿಲ್ಲ.

"ಸಾರ್," ಎಂದಳು ನಿರ್ದೇಶಕರ ಕಡೆ ತಿರುಗಿ, ಬಲು ಮೃದುವಾಗಿ. "ನಿಮ್ಮ ಹೊಸ ಬೀರುವಿಗೆ ವಾರ್ನಿಶ್ ಹೊಡೆದ ಮೇಲೆ, ಅದು ಒಣಗೋಕೆ ಮೊದಲೇ ಒಳಗೆ ಕೈ ಹಾಕಿದೋರು ಯಾರು?"

ನಿರ್ದೇಶಕರು ಬಾಯಿ ತೆರೆದರು. ಆ ಇಡೀ ದಿನದಲ್ಲಿ ಮೊದಲ ಸಲ, ಅವರು ಗಡಿಯಾರ ನೋಡಲಿಲ್ಲ. ತಪ್ಪಿಸಿಕೊಳ್ಳುವವರ ಹಾಗೆ ಬಾಗಿಲನ್ನು ನೋಡಿದರು.